ಲದ್ದಿಯೊಳಗೆ ಸಿಗದ ಬಾಳೆಹಣ್ಣು

ಈ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದಲ್ಲಿ ಆನೆ ಲದ್ದಿ ಬಿದ್ದಿತ್ತು. ನಮ್ಮ ತಾಳವಾಡಿ ಕಡೆ ಇದು ಪತ್ರಿಕೆ ಬಂದು ಬಿದ್ದಷ್ಟೇ ಸಹಜ. ಪತ್ರಿಕೆಗಿಂತ ಹೆಚ್ಚು ಜನ ಇದನ್ನೇ ಓದುತ್ತಾರೆ. ಆನೆ ಯಾವ ಕಡೆಯಿಂದ ಬಂತು, ಒಂಟಿಯೋ ಗುಂಪೋ, ಜೊತೆಯಲ್ಲಿ ಮರಿ ಇತ್ತೋ ಇಲ್ಲವೋ ಎಂದು ಲದ್ದಿ ನೋಡಿ ಹೇಳುವ ಪಂಡಿತರು ಬೀದಿಗೊಬ್ಬರು ಸಿಗುತ್ತಾರೆ. ನೀವು ಮೂಗು ಮುಚ್ಚಿಕೊಳ್ಳಬೇಡಿ. ತಾಜಾ ಲದ್ದಿಯ ವಾಸನೆ ನೀವು ಅಂದುಕೊಂಡಷ್ಟು ಕೆಟ್ಟದ್ದಲ್ಲ. ಮಳೆಗೆ ನೆಂದ ಹುಲ್ಲು, ಜಜ್ಜಿದ ಬಿದಿರೆಲೆ, ಅದರ ಹಿಂದೆ ಸ್ವಲ್ಪ ಹುಳಿ. ನಾನು ಅಲ್ಲೇ ನಿಂತು ಇನ್ನೊಂದು ಸಲ ಉಸಿರೆಳೆದುಕೊಂಡೆ.

ಪೊರಕೆ ಹಿಡಿದು ಹಿಂದೆಯೇ ಬಂದ ಅವ್ವ, "ಎಷ್ಟೊತ್ ನೋಡೀಯೇ, ಅದೇನ್ ರಂಗೋಲಿನಾ?" ಅಂದಳು.

ಬೇರೆಯವರಿಗೆ ಅಜ್ಜಿಯ ನೆನಪು ಮಲ್ಲಿಗೆಯ ವಾಸನೆಯಿಂದಲೋ ಹಳೇ ಸೀರೆಯ ವಾಸನೆಯಿಂದಲೋ ಬರುತ್ತದಂತೆ. ನನಗೆ ಬರುವುದು ಆನೆ ಲದ್ದಿಯಿಂದ. ಅಜ್ಜಿ ಇದ್ದಿದ್ದರೆ ಇದಕ್ಕೆ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಯಾಕೆಂದರೆ ಲದ್ದಿಯ ವಿಷಯದಲ್ಲಿ ನಾವಿಬ್ಬರೂ ಒಂದು ಕಾಲದಲ್ಲಿ ಎದುರು ಬದುರು ವಕೀಲರಾಗಿ ವಾದ ಮಾಡಿದವರು.

ಆಗ ನಾನು ಪಣಕಹಳ್ಳಿಯ ಮನೆಯಿಂದ ದಿನಾ ಬಸ್ಸು ಹತ್ತಿ ತಮಿಳು ರಾಜ್ಯದ ಗಡಿ ದಾಟಿ ಚಾಮರಾಜನಗರದ ಕಾಲೇಜಿಗೆ ಹೋಗುತ್ತಿದ್ದೆ. ಓದುತ್ತಿದ್ದದ್ದು ಸಸ್ಯಶಾಸ್ತ್ರ. ಮನೆತನದವರೆಲ್ಲ ಹುಟ್ಟಿನಿಂದ ಸಾಯುವವರೆಗೆ ಗಿಡಗಳ ನಡುವೆಯೇ ಇರುವವರು. ಗಿಡ ನೋಡಲು ಇವಳು ಬಸ್ಸಿನಲ್ಲಿ ಕೂತು ಬೇರೆ ರಾಜ್ಯಕ್ಕೆ ಹೋಗುತ್ತಾಳಲ್ಲ ಎಂದು ಊರಿನವರಿಗೆ ನಗು. ಒಂದು ರಜೆಯಲ್ಲಿ ನಮ್ಮ ಮೇಡಂ, ಲ್ಯಾಬಿನ ಮೂಲೆಯಲ್ಲಿದ್ದ ಹಳೇ ಮೈಕ್ರೋಸ್ಕೋಪನ್ನು ನನಗೆ ಮನೆಗೆ ಒಯ್ಯಲು ಕೊಟ್ಟರು. ಒಡೆದು ತಂದರೆ ನಿನ್ನನ್ನೇ ತೆಳ್ಳಗೆ ಕತ್ತರಿಸಿ ಸ್ಲೈಡ್ ಮಾಡುತ್ತೇನೆ ಎಂದು ಆಶೀರ್ವಾದವನ್ನೂ ಮಾಡಿದರು. ಅದನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದೆ. ಕಂಡಕ್ಟರು ಬಂದು ಟವೆಲನ್ನು ಬೆರಳಿನಿಂದ ತಿವಿದು, "ಕೋಳಿನಾ?" ಎಂದು ಕೇಳಿದ. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂತವಳನ್ನು ಕೇಳುವ ಪ್ರಶ್ನೆಯೇ ಅದು. ಊರು ಬರುವವರೆಗೆ ನಾನು ಆ ಮನುಷ್ಯನ ಮುಖ ನೋಡಲಿಲ್ಲ.

ಮನೆಗೆ ಬಂದ ಮೇಲೆ ನನ್ನ ಕಣ್ಣಿಗೆ ಬಿದ್ದದ್ದೆಲ್ಲ ಗಾಜಿನ ಚೂರಿನ ಮೇಲೆ ಹೋಯಿತು. ಈರುಳ್ಳಿ ಪೊರೆ, ಬೀನ್ಸ್ ಸಿಪ್ಪೆ, ಟೊಮೇಟೊ ತಿರುಳು, ಕೊನೆಗೆ ಪೂಜೆಯ ತಟ್ಟೆಯಲ್ಲಿದ್ದ ಬಿಲ್ವಪತ್ರೆ. ಸಾರಿಗೆ ತಂದ ತರಕಾರಿಯನ್ನು ಅವ್ವ ಸೆರಗಿನಲ್ಲಿ ಮುಚ್ಚಿಕೊಂಡು ಅಡುಗೆಮನೆಗೆ ಸಾಗಿಸುವ ಸ್ಥಿತಿ ಬಂತು. ಅಪ್ಪ ಒಂದು ಸಲ ಬಗ್ಗಿ ಈರುಳ್ಳಿಯ ಜೀವಕೋಶಗಳನ್ನು ನೋಡಿ, "ಇಟ್ಗೆ ಸಾಲು ನೆಟ್ಟಗದೆ. ಯಾರವ್ವ ಮೇಸ್ತ್ರಿ?" ಅಂದರು. ಆಮೇಲೆ ಅವರಿಗೆ ಆಸಕ್ತಿ ಉಳಿಯಲಿಲ್ಲ. ಕಟ್ಟಡ ಸರಿಯಾಗಿದ್ದರೆ ಅವರಿಗೆ ಅಷ್ಟೇ ಸಾಕು.

ಬಿಡದೆ ಹಿಂದೆ ಬಿದ್ದವಳು ಅಜ್ಜಿ, ಅಪ್ಪನ ತಾಯಿ. ಮೊದಮೊದಲು ಮಸೂರದ ಮೇಲೆ ಇಡಬೇಕಾದ ಕಣ್ಣನ್ನೇ ಮುಚ್ಚಿ, ಇನ್ನೊಂದನ್ನು ಅಗಲವಾಗಿ ತೆರೆದು, "ನಿನ್ ಕಾಲ್ ಕಾಣ್ತದೆ ಕಣವ್ವ, ಗೆಜ್ಜೆ ಯಾಕ್ ಆಕಿಲ್ಲ?" ಎಂದು ಕೇಳುತ್ತಿದ್ದಳು. ಕಣ್ಣಿನ ವ್ಯವಹಾರ ಸರಿಯಾದ ಮೇಲೆ ಅವಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಅಜ್ಜಿ ಎಲ್ಲರಿಗಿಂತ ಮೊದಲು ಎದ್ದು, ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿ, ಹಿಂದಿನ ಪಡಸಾಲೆಯ ಮಂಚದಲ್ಲಿ ಕೂತಳೆಂದರೆ ಮನೆಯ ಕೋರ್ಟು ತೆರೆಯಿತು ಎಂದರ್ಥ. ಅವಳ ಕಾನೂನಿನಲ್ಲಿ ಕದ್ದು ತಿನ್ನುವುದಕ್ಕಿಂತ ದೊಡ್ಡ ಅಪರಾಧ ಇರಲಿಲ್ಲ. ಚಿಕ್ಕಂದಿನಲ್ಲಿ ನಾನು ಬೆಲ್ಲದ ಚೂರಿನ ಜೊತೆ ಸಿಕ್ಕಿಬಿದ್ದಾಗ, "ಅಡಿಕೆಗೆ ಓದ ಮಾನ ಆನೆ ಕೊಟ್ರೂ ಬರಾಕಿಲ್ಲ" ಎಂದು ಗಾದೆ ಹೇಳಿದ್ದಳು. ಮಾನ ಹೋದದ್ದಕ್ಕಿಂತ ಬೆಲ್ಲ ಹೋದದ್ದಕ್ಕೇ ನನಗೆ ಅಳು ಬಂದಿತ್ತು.

ಇಂಥ ಅಜ್ಜಿಗೆ ಸಕ್ಕರೆ ಕಾಯಿಲೆ ಬಂತು. ಸಿಹಿ ಬಿಡಬೇಕು, ಬಾಳೆಹಣ್ಣಂತೂ ಮುಟ್ಟಬಾರದು ಎಂದು ಚಾಮರಾಜನಗರದ ಡಾಕ್ಟರು ಹೇಳಿದರು. ಡಾಕ್ಟರು ಹೇಳಿದ್ದನ್ನು ಜಾರಿಗೆ ತಂದವಳು ಅವ್ವ. ಬೆಲ್ಲದ ಡಬ್ಬಿ ಅಟ್ಟ ಸೇರಿತು, ಹಬ್ಬದ ದಿನ ಹೋಳಿಗೆಯ ತಟ್ಟೆ ಅಜ್ಜಿಯ ಮುಂದೆ ನಿಲ್ಲದೆ ಮುಂದೆ ಸಾಗಿತು. ಅಜ್ಜಿ ಸುಮ್ಮನಿರುವವಳಲ್ಲ. "ನಾನ್ ಸೊಸೆ ಆಗಿದ್ದಾಗ ಅತ್ತೆ ಬೆಲ್ಲ ಬಚ್ಚಿಡ್ತಿದ್ಲು, ಅತ್ತೆ ಆದ್ಮೇಲೆ ಸೊಸೆ ಬಚ್ಚಿಡ್ತಾವ್ಳೆ. ನಾನ್ ತಿನ್ನೋದು ಯಾವಾಗವ್ವ?" ಎಂದು ನನ್ನನ್ನು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಆದರೆ ಅವ್ವನ ಎದುರಿಗೆ ಅದನ್ನು ಎತ್ತಲು ನನಗೆ ಧೈರ್ಯವಿರಲಿಲ್ಲ.

ಇನ್ನೂ ಒಂದು ಸಂಕಟವೆಂದರೆ ಮನೆಯ ಹಿಂದೆಯೇ ಇದ್ದ ಬಾಳೆ. ಅಜ್ಜಿ ಮದುವೆಯಾಗಿ ಬರುವಾಗ ತಾಳಮಲೆಯ ತವರಿನಿಂದ ಒಂದು ಕಂದನ್ನು ತಂದು ನೆಟ್ಟಿದ್ದಳು. ಅದು ಮಕ್ಕಳು ಮೊಮ್ಮಕ್ಕಳನ್ನು ಹಡೆದು ಒಂದು ಗುಂಪೇ ಆಗಿತ್ತು. ಸಣ್ಣ ಹಣ್ಣು, ತೆಳು ಸಿಪ್ಪೆ, ಕೋಣೆಯಲ್ಲಿಟ್ಟರೆ ಬೀದಿಗೆ ಘಮ. ತವರಿನಲ್ಲಿ ಅವಳ ಕಡೆಯವರು ಯಾರೂ ಉಳಿದಿರಲಿಲ್ಲ. ಅವಳ ಪಾಲಿಗೆ ಉಳಿದ ತವರು ಎಂದರೆ ಆ ಬಾಳೆಯ ಗುಂಪೇ. ಒಣಗಿದ ಎಲೆ ಕತ್ತರಿಸಲೂ ಬೇರೆಯವರನ್ನು ಬಿಡುತ್ತಿರಲಿಲ್ಲ.

ಆ ರಜೆಯಲ್ಲಿ ಒಂದು ಗೊನೆಯನ್ನು ಕಡಿದು ಹಿಂದಿನ ಪಡಸಾಲೆಯ ತೊಲೆಗೆ, ಅಜ್ಜಿಯ ಮಂಚದ ತಲೆಯ ಕಡೆ, ತೂಗುಹಾಕಿದ್ದರು. ಅದು ಹಳದಿಗೆ ತಿರುಗುತ್ತಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಗೊನೆ ಇಲ್ಲ. ಹಿತ್ತಲಲ್ಲಿ ದೊಡ್ಡ ದೊಡ್ಡ ಲದ್ದಿ ಉಂಡೆಗಳು ಬಿದ್ದಿದ್ದವು.

ನಮ್ಮ ಕಡೆ ಏನೇ ಕಾಣೆಯಾದರೂ ಆನೆ ತಿಂತು ಎನ್ನುವುದು ರೂಢಿ. ಒಣಹಾಕಿದ ಜೋಳ ಕಮ್ಮಿಯಾದರೆ ಆನೆ, ಬೇಲಿಯ ಗೂಟ ಕಾಣದಿದ್ದರೆ ಆನೆ. ಈಗ ನಾನು ಪಾಠ ಹೇಳುವ ಕನ್ನಡ ಶಾಲೆಯಲ್ಲಿ ಹೋಂವರ್ಕನ್ನೂ ಆನೆ ತಿನ್ನುತ್ತದೆ. ಬೈಯುವ ಹಾಗೂ ಇಲ್ಲ, ಒಂದು ಸಲ ಒಬ್ಬ ಹುಡುಗಿಯ ಬ್ಯಾಗನ್ನು ಆನೆ ನಿಜವಾಗಿಯೂ ತುಳಿದು ಹಾಕಿತ್ತು. ಹಾಗಾಗಿ ಅವತ್ತು ಯಾರಿಗೂ ಅನುಮಾನ ಬರಲಿಲ್ಲ. ಪಡಸಾಲೆಗೆ ಇರುವುದು ಮೋಟುಗೋಡೆ, ಆನೆಗೆ ಇರುವುದು ಉದ್ದ ಸೊಂಡಿಲು, ಇನ್ನೇನು ಬೇಕು. ಪಕ್ಕದ ಮನೆಯ ಮಾದಪ್ಪಣ್ಣ ಬಂದು ನೋಡಿ, ಅರಣ್ಯ ಇಲಾಖೆಯವರ ಹತ್ತಿರ ಹೇಳುವ ತಮಿಳಿನಲ್ಲೇ, "ವನತ್ತುರೈಗೆ ಒಂದು ಮನು ಕೊಡಾನ" ಅಂದ, ಇಲಾಖೆಗೆ ಅರ್ಜಿ ಹಾಕೋಣ ಎಂದು. ಆಮೇಲೆ ಅಪ್ಪನ ಕಡೆ ತಿರುಗಿ, "ಆದ್ರೆ ಬಾಳೆ ಇರಗಂಟ ಅದು ಬತ್ತಾನೇ ಇರ್ತದೆ. ಇವತ್ ಸೊಂಡ್ಲು ಆಕದೆ, ನಾಳಿಕೆ ಗೋಡೆ ಕೆಡವ್ತದೆ" ಅಂದ.

ಅಪ್ಪ ಖಾಲಿ ಹಗ್ಗವನ್ನು ನೋಡಿದರು, ಅದರ ಕೆಳಗಿದ್ದ ಮಂಚವನ್ನು ನೋಡಿದರು. "ಯವ್ವ ಮಲಗೋ ಜಾಗ ಇದು. ನಾಳೆ ಬೆಳಿಗ್ಗೆ ಬುಡಸಮೇತ ಕಡ್ದಾಕ್ತೀನಿ" ಅಂದರು.

  ಅಜ್ಜಿಯ ಮುದ್ದೆ ತಟ್ಟೆಯಲ್ಲಿ ಆರಿತು, ಅವಳು ಬಾಳೆಯ ಕಡೆ ನೋಡುತ್ತಲೇ ಇದ್ದಳು. ಅದನ್ನು ನೋಡಿ ನನಗೆ ಸಂಕಟವಾಯಿತು. ಆದರೆ ಸಂಕಟದ ಪಕ್ಕದಲ್ಲೇ ಸ್ವಲ್ಪ ಖುಷಿಯೂ ಕೂತಿತ್ತು, ಅದನ್ನೂ ಹೇಳಿಬಿಡುತ್ತೇನೆ. ಮೈಕ್ರೋಸ್ಕೋಪಿಗೆ ಕೊನೆಗೂ ಒಂದು ಘನವಾದ ಕೆಲಸ ಸಿಕ್ಕಿತ್ತು. ಆನೆ ಸರಿಯಾಗಿ ಅರಗಿಸಿಕೊಳ್ಳುವ ಪ್ರಾಣಿಯಲ್ಲ. ತಿಂದ ಗಿಡದ ಚೂರುಗಳು ಲದ್ದಿಯಲ್ಲಿ ಹಾಗೇ ಇರುತ್ತವೆ, ಆ ಚೂರುಗಳ ಜೀವಕೋಶ ನೋಡಿದರೆ ಯಾವ ಗಿಡ ಎಂದು ಹೇಳಬಹುದು ಎಂದು ಮೇಡಂ ಪಾಠ ಮಾಡಿದ್ದರು. ಲದ್ದಿಯಲ್ಲಿ ಬಾಳೆ ಇಲ್ಲ ಎಂದು ತೋರಿಸಿಬಿಟ್ಟರೆ ಆನೆ ನಿರಪರಾಧಿ, ಬಾಳೆ ಉಳಿಯುತ್ತದೆ.

ಲಿಂಗಪೂಜೆ ಮಾಡುವ ಮನೆಯೊಳಗೆ ಆನೆಯ ಲದ್ದಿ ತರಕೂಡದು ಎಂದು ಅವ್ವ ಬಾಗಿಲಿಗೆ ಅಡ್ಡ ನಿಂತಳು. ಹಸುವಿನ ಸಗಣಿಯಲ್ಲಿ ನೆಲ ಸಾರಿಸುತ್ತೀಯಲ್ಲ ಎಂದೆ. ಅದು ಲಕ್ಷ್ಮಿ ಎಂದಳು. ಇದು ಗಣೇಶ ಎಂದೆ. ವಾದದಲ್ಲಿ ಗೆದ್ದೆ, ಆದರೂ ಮೈಕ್ರೋಸ್ಕೋಪು ಹಿತ್ತಲಿನ ಒರಳುಕಲ್ಲಿನ ಮೇಲೆಯೇ ಕೂರಬೇಕಾಯಿತು.

ಕಡ್ಡಿಯಿಂದ ಸ್ವಲ್ಪ ಲದ್ದಿ ತೆಗೆದು, ನೀರಿನಲ್ಲಿ ಅಲುಗಾಡಿಸಿ, ತೆಳ್ಳಗಿನ ಚೂರೊಂದನ್ನು ಗಾಜಿನ ಮೇಲೆ ಹರಡಿದೆ. ಮಸೂರಕ್ಕೆ ಕಣ್ಣಿಟ್ಟಾಗ ನಾನು ಕೇಸನ್ನೇ ಮರೆತೆ. ಉದ್ದುದ್ದನೆಯ ಕೋಶಗಳು, ಗೋಡೆಗಳೆಲ್ಲ ಗರಗಸದ ಹಲ್ಲಿನಂತೆ ಒಂದಕ್ಕೊಂದು ಕಚ್ಚಿಕೊಂಡಿದ್ದವು. ನಡುನಡುವೆ ಸೊಂಟ ಸಣ್ಣಗಾಗಿ ಎರಡೂ ತುದಿ ದಪ್ಪಗಿರುವ ಪುಟ್ಟ ಹೊಳೆಯುವ ತುಣುಕುಗಳು. ಹುಲ್ಲಿನೊಳಗಿನ ಮರಳಿನ ಅಂಶ ಹಾಗೆ ಸಾಲಾಗಿ ಕೂರುತ್ತದೆ. ಆನೆಯ ಹೊಟ್ಟೆಯನ್ನು ಇಡೀ ದಾಟಿ ಬಂದರೂ ಒಂದರ ಮೂಲೆಯೂ ಮುಕ್ಕಾಗಿರಲಿಲ್ಲ.

ಅಜ್ಜಿ ಮಂಚದಿಂದ ಎದ್ದು ಬಂದಳು. ದುಃಖ ಇದ್ದರೂ ಕುತೂಹಲ ತಡೆಯಲಾಗಲಿಲ್ಲ. ಬಗ್ಗಿ ಮಸೂರಕ್ಕೆ ಕಣ್ಣಿಟ್ಟಳು. "ಡಮರುಗ ಕಣವ್ವ" ಅಂದಳು ಮೆಲ್ಲಗೆ. "ಉಲ್ಲೊಳಗೆ ಶಿವನ ಡಮರುಗ ಸಾಲಾಗಿ ಕುಂತವೆ." ತಲೆ ಎತ್ತಿ, ಹಿತ್ತಲಿನ ಲದ್ದಿಯ ಕಡೆ ತಿರುಗಿ, ಎರಡೂ ಕೈ ಜೋಡಿಸಿದಳು. ಅವ್ವ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಒಂದರ ಮೇಲೊಂದು ಸ್ಲೈಡು ಮಾಡಿದೆವು. ಹುಲ್ಲು, ಬಿದಿರು, ಯಾವುದೋ ತೊಗಟೆಯ ನಾರು. ಬಾಳೆಯಂಥದ್ದು ಏನೂ ಕಾಣಲಿಲ್ಲ. ಆದರೆ ಬಾಳೆಯ ಕೋಶ ಹೇಗಿರುತ್ತದೆ ಎಂದು ನಾನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಹೋಲಿಸಿ ನೋಡದೆ ತೀರ್ಪು ಕೊಡುವುದು ಶಾಸ್ತ್ರವಲ್ಲ. "ಹೋಲಿಸೋಕೆ ಒಂದು ಹಣ್ಣಿರಬೇಕಿತ್ತು ಅಜ್ಜಿ. ಹಣ್ಣಿನ ಸಿಪ್ಪೆ ಆದರೂ ಸಾಕಿತ್ತು" ಎಂದು ಗೊಣಗಿದೆ.

"ಒಸಿ ತಡಿ" ಎಂದು ಅಜ್ಜಿ ಎದ್ದು ಹೋದಳು. ಹೋದ ಹಾಗೇ ಬಂದು, ಸೆರಗಿನಿಂದ ಒಂದು ಬಾಳೆಹಣ್ಣು ತೆಗೆದು ನನ್ನ ಕೈಗಿಟ್ಟಳು. "ಬಿರ್‍ನೆ ಮಾಡು, ನಾನೂ ನೋಡ್ಬೇಕು."

ನಾನು ಹಣ್ಣು ಸುಲಿದೆ. ನೀವು ನಂಬಬೇಕು, ನಾನು ಸುಲಿದು, ಸಿಪ್ಪೆಯ ಒಳಭಾಗದಿಂದ ಚೂರು ಕೆತ್ತಿ, ಗಾಜಿನ ಮೇಲಿಟ್ಟೆ. ಸಿಪ್ಪೆಯ ಕೋಶದೊಳಗೆ ಸೂಜಿಗಳ ಕಟ್ಟು ಕಂಡಿತು, ಹೊಲಿಗೆ ಪೆಟ್ಟಿಗೆಯಲ್ಲಿರುವ ಹಾಗೆ. ತಿರುಳಿನದು ದೊಡ್ಡ ದೊಡ್ಡ ತೆಳು ಗೋಡೆಯ ಕೋಶ. ಒಂದು ಹನಿ ಅಯೋಡಿನ್ ಬಿಟ್ಟರೆ ಅದರೊಳಗೆ ಉಳಿದಿದ್ದ ಪಿಷ್ಟದ ಕಾಳುಗಳು ನೀಲಿ ಕಪ್ಪಾದವು. ಹಣ್ಣಾಗುತ್ತಾ ಬಂದರೆ ಈ ಕಾಳುಗಳೇ ಕರಗಿ ಸಕ್ಕರೆಯಾಗುತ್ತವೆ ಎಂದು ಅಜ್ಜಿಗೆ ವಿವರಿಸಿದೆ. ಈ ಹಣ್ಣಿನಲ್ಲಿ ಕಾಳು ಕಮ್ಮಿ, ಆದ್ದರಿಂದ ಇದು ನಿನ್ನೆ ಮೊನ್ನೆ ಹಣ್ಣಾದದ್ದು, ಚೆನ್ನಾಗಿ ಸಿಹಿ ಇರುತ್ತದೆ ಎಂದೆ. ಅಜ್ಜಿ, "ಊಂ, ಸಿಹಿ ಅದೆ" ಅಂದಳು.

ಆಗ ನನ್ನ ತಲೆಯೊಳಗೆ ಒಂದು ದೀಪ ಹತ್ತಿತು. ಜೀವಕೋಶದ ಒಳಗಿನ ಸೂಜಿಯನ್ನು ಕಂಡ ನನಗೆ ಕೈಯಲ್ಲಿದ್ದ ಇಡೀ ಬಾಳೆಹಣ್ಣು ಕಂಡಿರಲಿಲ್ಲ. ತಲೆ ಎತ್ತಿ ಅಜ್ಜಿಯನ್ನು ನೋಡಿದೆ. ಅಜ್ಜಿ ಹಣ್ಣನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಹಿತ್ತಲಿನ ಆಚೆ ತುದಿಯಲ್ಲಿದ್ದ ಹುಲ್ಲಿನ ಮೆದೆಯನ್ನು ನೋಡಬಾರದು ಎಂದುಕೊಂಡೇ ನೋಡಿಬಿಟ್ಟಳು.

ಅಷ್ಟರಲ್ಲಿ ಅಪ್ಪನೂ ಮಾದಪ್ಪಣ್ಣನೂ ಬಂದರು, ಹಿಂದೆಯೇ ಅವ್ವ. ಅಜ್ಜಿ ಹಣ್ಣು ಸಿಪ್ಪೆ ಎರಡನ್ನೂ ಸೆರಗಿನೊಳಗೆ ಎಳೆದುಕೊಂಡಳು. "ಏನ್ ಕಂಡದೆ ನಿನ್ ಯಂತ್ರಕ್ಕೆ?" ಎಂದು ಅಪ್ಪ ಕೇಳಿದರು. ನಾನು ಕಳ್ಳಿಯ ಹೆಸರು ಹೇಳದೆ ಬಾಳೆಯನ್ನು ಉಳಿಸಬೇಕೆಂದುಕೊಂಡು, "ಲದ್ದಿಯಲ್ಲಿ ಬಾಳೆ ಇಲ್ಲ. ಗೊನೆ ತಿಂದದ್ದು ಆನೆ ಅಲ್ಲ" ಎಂದಷ್ಟೇ ಹೇಳಿದೆ.

"ಆನೆ ಅಲ್ಲ ಅಂದ್ರೆ ಇನ್ಯಾರು?" ಅಂದಳು ಅವ್ವ. ಅವಳ ಕಣ್ಣು ಮೆಲ್ಲಗೆ ಮಂಚದ ಕಡೆ ಹೊರಟಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅಜ್ಜಿ ಹೆಗಲು ಮುಟ್ಟಿಕೊಳ್ಳಲಿಲ್ಲ, ನೇರವಾಗಿ ವಾದಕ್ಕೇ ಇಳಿದಳು. "ಅಲ್ಲ ಕಣವ್ವ, ನಾವ್ ಒಂದ್ ಮುದ್ದೆ ಉಂಡ್ರೆ ಮಾರನೇ ದಿನಕ್ಕೆ ಗತಿ. ಅಷ್ಟ್ ದೊಡ್ ಒಟ್ಟೆ ಅದ್ರದು. ರಾತ್ರೆ ತಿಂದಿದ್ದು ರಾತ್ರೇನೆ ಬತ್ತದಾ? ಇದು ನೆನ್ನೆ ಮೇಯ್ದಿದ್ದು. ಬಾಳೆ ಬೇಕಾದ್ರೆ ನಾಳೆ ಲದ್ದಿ ನೋಡು."

ನನ್ನ ಎರಡು ವರ್ಷದ ಸಸ್ಯಶಾಸ್ತ್ರ ಒರಳುಕಲ್ಲಿನ ಮೇಲೆ ಅಂಗಾತ ಬಿತ್ತು. ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. "ಅದೂ ನ್ಯಾಯಾನೆ" ಅಂದ ಮಾದಪ್ಪಣ್ಣ. ಅಪ್ಪ, "ಅಂಗಾದ್ರೆ ಆನೇನೆ. ಬೆಳಿಗ್ಗೆ ಕಡಿಯಾದೆಯ" ಎಂದು ಮಚ್ಚು ಮಸೆಯಲು ಹೋದರು. ಅಜ್ಜಿ ಕೇಸು ಗೆದ್ದಳು. ಗೆದ್ದ ಮೇಲೆ ಅವಳ ಮುಖ ನೋಡಬೇಕಿತ್ತು.

ಎಲ್ಲರೂ ಹೋದ ಮೇಲೆ ಅವಳು ನನ್ನ ಪಕ್ಕದಲ್ಲಿ ಕುಸಿದು ಕೂತಳು. "ಆನೆ ಬಂದಿದ್ದು ನಿಜ ಕಣವ್ವ. ಬೆಳಗಿನ ಜಾವ ಎದ್ ನೋಡ್ತೀನಿ, ಲದ್ದಿ ಆಕಿ ಓಗದೆ. ಗೊನೆ ತಲೆ ಮೇಲೇ ಗಮಗಮ ಅಂತ ತೂಗ್ತದೆ. ಶಿವನೇ ದಾರಿ ತೋರ್ಸವ್ನೆ ಅನ್ಕಂಡೆ."

"ಅಪ್ಪನಿಗೆ ಹೇಳಿಬಿಡು ಅಜ್ಜಿ. ಬೈದು ಸುಮ್ಮನಾಗ್ತಾರೆ."

"ಅವನ್ಗಲ್ಲ. ನಿಮ್ಮವ್ವನ ಮುಂದೆ ಎಂಗವ್ವ ತಲೆ ಎತ್ಲಿ? ಇಷ್ಟ್ ವರ್ಸ ಎಲ್ಲಾರ್ಗೂ ನಾನೇ ಬುದ್ದಿ ಏಳೀವ್ನಿ." ಸ್ವಲ್ಪ ಹೊತ್ತು ಬಾಳೆಯನ್ನು ನೋಡಿದಳು. "ಏಳ್ದೆ ಓದ್ರೆ ಅದ್ನ ಕಡ್ದಾಕ್ತಾನೆ."

ಸೆರಗಿನೊಳಗೆ ಸುಲಿದ ಹಣ್ಣು ಇತ್ತು. ಅದನ್ನು ತಿನ್ನಲೂ ಅವಳಿಗೆ ಮನಸ್ಸಾಗಲಿಲ್ಲ. ಮಸೂರದ ಮುಂದೆ ಕೂತು ಜಾಣೆಯಂತೆ ವಿವರಿಸುತ್ತಿದ್ದ ನನಗೆ ಆಗ ನಿಜವಾಗಿ ದುಃಖವಾಯಿತು. ಒಂದು ಸಣ್ಣ ಹಣ್ಣಿನ ಆಸೆಗೆ ಇಷ್ಟು ವಯಸ್ಸಾದವಳು ಹುಲ್ಲಿನ ಮೆದೆಯ ಮೊರೆ ಹೋಗಬೇಕೇ ಎನ್ನಿಸಿತು. ನಾನು ಯಾರಿಗೂ ಏನೂ ಹೇಳುವುದಿಲ್ಲ ಎಂದೆ. ಅದರಿಂದ ಅವಳಿಗೆ ಏನೂ ಉಪಕಾರವಾಗಲಿಲ್ಲ.

ಮಾರನೆಯ ಬೆಳಿಗ್ಗೆ ಅಪ್ಪ ಮಚ್ಚು ಹಿಡಿದು ಹಿತ್ತಲಿಗೆ ಬಂದವರು ಪಡಸಾಲೆಯಲ್ಲಿ ನಿಂತುಬಿಟ್ಟರು. ಗೊನೆ ತೊಲೆಗೆ ತೂಗುತ್ತಿತ್ತು. ಅಲ್ಲಲ್ಲಿ ಒಣಹುಲ್ಲಿನ ಎಳೆ ಸಿಕ್ಕಿಕೊಂಡಿತ್ತು. ಕೆಳಗೆ ಮಂಚದಲ್ಲಿ ಅಜ್ಜಿ ವಿಭೂತಿ ಹಚ್ಚಿಕೊಂಡು ಕೋರ್ಟು ತೆರೆದವಳಂತೆ ನೆಟ್ಟಗೆ ಕೂತಿದ್ದಳು.

"ಯವ್ವ, ಏನಿದು?"

"ಆನೆ ತಂದು ತಗಲಾಕಿ ಓಗದೆ."

"ಆನೆ?"

"ಊಂ. ಅದುಕೇನ್ ಮಾನ ಮರ್ಯಾದೆ ಇಲ್ವಾ? ತಪ್ಪಾಯ್ತು ಅನ್ನಿಸ್ತೇನೋ."

ಮಚ್ಚಿನ ಕೆಲಸಕ್ಕೆ ಕೈಜೋಡಿಸಲು ಬಂದಿದ್ದ ಮಾದಪ್ಪಣ್ಣ ಗೊನೆಯ ಸುತ್ತ ಒಂದು ಸುತ್ತು ಬಂದ. "ಮೇಲಿನ್ ಚಿಪ್ಪೇ ಕಾಣಾಕಿಲ್ವಲ್ಲ ಅಜ್ಜಿ" ಅಂದ.

"ಅಷ್ಟ್ ದೂರ ಒತ್ಕಂಡ್ ಬಂದದೆ. ಕೂಲಿ ಬ್ಯಾಡ್ವೇನ್ಲಾ ಅದುಕೆ?" ಅಂದಳು ಅಜ್ಜಿ.

ಅಪ್ಪ ಅವಳ ಮುಖವನ್ನೇ ನೋಡಿದರು. ಅವಳೂ ಕಣ್ಣು ತಗ್ಗಿಸಲಿಲ್ಲ, ಆದರೆ ಸೆರಗಿಗೆ ಅಂಟಿದ್ದ ಒಣಹುಲ್ಲಿನ ಎಳೆಯೊಂದನ್ನು ಕಿತ್ತು ಮಂಚದ ಕೆಳಗೆ ಹಾಕಿದಳು. ಅಪ್ಪ ಮಚ್ಚನ್ನು ಗೋಡೆಗೆ ಒರಗಿಸಿದರು. "ಇಷ್ಟ್ ಒಳ್ಳೇ ಆನೆ ಇದ್ಮೇಲೆ ಬಾಳೆ ಯಾಕ್ಲಾ ಕಡಿಯಾದು, ನಡಿ" ಎಂದು ಮಾದಪ್ಪಣ್ಣನನ್ನು ಕರೆದುಕೊಂಡು ಹೊರಟರು. ಬಾಗಿಲು ದಾಟಿದ ಮೇಲೆ ಇಬ್ಬರ ನಗುವೂ ಕೇಳಿಸಿತು. ಅಡಿಕೆಗೆ ಹೋದ ಮಾನವನ್ನು ಆನೆ ಕೊಟ್ಟರೂ ಬಾರದೆಂದು ಗಾದೆ ಮಾಡಿದವರು ನಮ್ಮ ಆನೆಯನ್ನು ನೋಡಿರಲಿಲ್ಲ.

ಅವ್ವ ಮಾತ್ರ ನಗಲಿಲ್ಲ. ಅವತ್ತೆಲ್ಲ ಯೋಚನೆಯಲ್ಲಿದ್ದಳು. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ವಾರಕ್ಕೊಂದು ಹಣ್ಣು ಕೊಡಬಹುದೇ ಎಂದು ಕೇಳಿಕೊಂಡು ಬಂದು, ಆ ಸೋಮವಾರ ಒಂದು ಸಣ್ಣ ಬಾಳೆಹಣ್ಣನ್ನು ತಟ್ಟೆಯಲ್ಲಿಟ್ಟು ಅತ್ತೆಯ ಮುಂದಿಟ್ಟಳು. ಅಜ್ಜಿ ಅರ್ಧ ತಿಂದು ಬಿಟ್ಟಳು. ಮುಂದಿನ ಸೋಮವಾರ ಮುಟ್ಟಲೂ ಇಲ್ಲ. ಯಾಕಜ್ಜಿ ಎಂದು ಕೇಳಿದರೆ ನನ್ನ ಕಿವಿಗೆ ಬಾಯಿಟ್ಟು, "ಕೊಟ್ಟಿದ್ದು ರುಚಿ ಇಲ್ಲ ಕಣವ್ವ" ಅಂದಳು. ಈ ಮಾತನ್ನು ಅವ್ವನಿಗೆ ಮುಟ್ಟಿಸಿದವಳು ನಾನೇ. ಬೈಗುಳ ಬರುತ್ತದೆಂದು ಕಾದೆ. ಅವ್ವ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಒಂದು ಗಳಿಗೆ ಕೈ ನಿಲ್ಲಿಸಿ, ಮತ್ತೆ ಜರಡಿ ಆಡಿಸಿದಳು.

ಕೆಲವು ದಿನಗಳಾದ ಮೇಲೆ, ಅವ್ವ ಹಿಟ್ಟಿನ ಡಬ್ಬಿಯ ಹಿಂದೆ ಒಂದು ಹಣ್ಣನ್ನು ಬಚ್ಚಿಡುವುದನ್ನು ನೋಡಿದೆ. ಇಟ್ಟಳು, ಎರಡು ಹೆಜ್ಜೆ ಹಿಂದೆ ಬಂದು ನೋಡಿದಳು, ತೀರಾ ಒಳಗಾಯಿತು ಅನ್ನಿಸಿರಬೇಕು, ಹಳದಿ ತುದಿ ಸ್ವಲ್ಪ ಕಾಣುವ ಹಾಗೆ ಈಚೆಗೆ ಎಳೆದಳು. ನಾನು ಬಾಯಿ ತೆರೆಯುವ ಮೊದಲೇ, "ಸುಮ್ಕಿರು. ಕೊಟ್ರೆ ತಿನ್ನಾಕಿಲ್ಲ, ಕದ್ರೆ ತಿಂತಾರೆ. ಒಂದೇ ಒಂದು ಇಟ್ಟಿವ್ನಿ" ಅಂದಳು. ಅತ್ತೆ ಸೊಸೆ ಜಗಳವಾಡುವುದನ್ನೇ ನೋಡಿ ಬೆಳೆದವಳು ನಾನು. ಎಂಥ ಮಸೂರ ಹಾಕಿ ನೋಡಿದರೂ ಇದು ನನಗೆ ಅಲ್ಲಿಯವರೆಗೆ ಕಂಡಿರಲಿಲ್ಲ. ಅಜ್ಜಿ ಇರುವವರೆಗೂ ವಾರಕ್ಕೊಂದು ಹಣ್ಣು ನಮ್ಮ ಮನೆಯಲ್ಲಿ ಕಳ್ಳತನವಾಗುತ್ತಿತ್ತು. ಇಡುವವಳಿಗೂ ಗೊತ್ತು, ಕದಿಯುವವಳಿಗೂ ಗೊತ್ತಿತ್ತೆಂದು ನನ್ನ ಅನುಮಾನ. ಇಬ್ಬರೂ ಒಂದು ದಿನವೂ ಬಾಯಿ ಬಿಡಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗೇ ಇದ್ದಾಳೆ. ಹೋದ ವರ್ಷ ಅವಳಿಗೂ ಸಕ್ಕರೆ ಎಂದು ಗೊತ್ತಾಯಿತು. ಅಂದಿನಿಂದ ಈ ಮನೆಯಲ್ಲಿ ಪೊಲೀಸು ನಾನು. ಹಣ್ಣು ಎಣಿಸಿಡುವವಳು, ಟೀಗೆ ಸಕ್ಕರೆ ಹಾಕಿದೆಯಾ ಎಂದು ಲೋಟ ಮೂಸಿ ನೋಡುವವಳು. ಅಜ್ಜಿಯ ಕಥೆಯನ್ನು ಶಾಲೆಯಲ್ಲಿ ನಗುನಗುತ್ತಾ ಹೇಳಿದ್ದೇನೆ, ಮನೆಗೆ ಬಂದು ಬೀರುವಿಗೆ ಬೀಗ ಹಾಕಿದ್ದೇನೆ. ಎರಡೂ ಒಟ್ಟಿಗೆ ಹೇಗೆ ನಡೆಯುತ್ತಿತ್ತೋ ನನಗೆ ತಿಳಿಯದು. ಈ ಬೆಳಿಗ್ಗೆ ಅಂಗಳ ಗುಡಿಸಿ ಬಂದ ಅವ್ವ, ಹಣ್ಣಿನ ಬೀರುವಿನ ಮುಂದೆ ಒಂದು ಗಳಿಗೆ ನಿಂತು, ಬೀಗ ನೋಡಿ, ಸುಮ್ಮನೆ ಒಳಗೆ ಹೋದಳು.

ಶಾಲೆಗೆ ಹೊರಡುವ ಮೊದಲು ಬೀಗ ತೆಗೆದೆ. ಸಣ್ಣದೊಂದು ಹಣ್ಣನ್ನು ಆರಿಸಿ ಟಿವಿಯ ಹಿಂದೆ ಬಚ್ಚಿಟ್ಟೆ. ಎರಡು ಹೆಜ್ಜೆ ಹಿಂದೆ ಬಂದು ನೋಡಿ, ಸ್ವಲ್ಪ ಈಚೆಗೆ ಎಳೆದೆ.

ಸಂಜೆ ಬಂದಾಗ ಹಣ್ಣು ಇರಲಿಲ್ಲ. ಅವ್ವ ನನ್ನ ಮುಖ ನೋಡದೆ ಸೊಪ್ಪು ಬಿಡಿಸುತ್ತಾ, "ಮನೆ ಒಳಗೆ ಇಲಿ ಸೇರ್ಕಂಡವೆ ಕಣೆ" ಅಂದಳು.

"ಇರ್ಲಿ ಬುಡವ್ವ" ಅಂದೆ, "ಅವುಕೂ ಒಟ್ಟೆ ಅದೆಯಲ್ಲ."